ಮೇಷ್ಟ್ರು ಕೇಳಿದ್ದು, ಕೇಳದೆ ಬಿಟ್ಟಿದ್ದು

ಚಿತ್ರದುರ್ಗದ ಕೋಟೆ ನೋಡಲು ಬರುವ ಹೊರಊರಿನವರು ಓಬವ್ವನ ಕಿಂಡಿ ಎಲ್ಲಿ ಎಂದು ಮೊದಲು ಕೇಳುತ್ತಾರೆ. ಆಮೇಲೆ ಕೇಳುವುದು ‘ನಾಗರಹಾವು’ ಶೂಟಿಂಗ್ ನಡೆದ ಬಂಡೆ ಯಾವುದು ಎಂದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಆ ಚಿತ್ರ ನಮ್ಮೂರಿಗೆ ರಾಮಾಚಾರಿಯನ್ನು ಕೊಟ್ಟಿತು, ಕನ್ನಡ ನಾಡಿಗೆಲ್ಲ ಒಬ್ಬ ಮೇಷ್ಟ್ರನ್ನು ಕೊಟ್ಟಿತು. ಊರು ಪುಂಡ ಎಂದು ದೂರ ಇಟ್ಟ ಹುಡುಗನನ್ನು ಹತ್ತಿರ ಕರೆದ ಚಾಮಯ್ಯ ಮೇಷ್ಟ್ರು. ಒಳ್ಳೆಯ ಮೇಷ್ಟ್ರು ಎಂದರೆ ಈಗಲೂ ಬಹಳ ಜನರ ಕಣ್ಣ ಮುಂದೆ ಬರುವುದು ಕೆ.ಎಸ್. ಅಶ್ವತ್ಥ್ ಅವರ ಆ ಮುಖವೇ.

ಹುಡುಗನಾಗಿದ್ದಾಗ ನಾನೂ ಆ ಮೇಷ್ಟ್ರಿಗಾಗಿ ಅತ್ತವನು. ನಲವತ್ತು ದಾಟಿದ ಮೇಲೆ ಮತ್ತೆ ನೋಡಿದಾಗ ಒಂದು ಸಂಗತಿ ಚುಚ್ಚಿತು. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಮೇಷ್ಟ್ರು ಹೇಳುತ್ತಾರೆ, ರಾಮಾಚಾರಿ ಬಿಟ್ಟುಕೊಡುತ್ತಾನೆ. ಯಾರ ಮಾತನ್ನೂ ಕೇಳದವನು ಮೇಷ್ಟ್ರ ಮಾತು ಕೇಳುತ್ತಾನೆ. ಆದರೆ ಹುಡುಗನ ಒಳಗೆ ಏನಿದೆ, ಆ ಹುಡುಗಿಗೆ ಏನು ಬೇಕಿದೆ ಎಂದು ಮೇಷ್ಟ್ರು ಕೂತು ಕೇಳಿಸಿಕೊಂಡ ದೃಶ್ಯವನ್ನು ಹುಡುಕಿದರೆ ಸಿಗುವುದಿಲ್ಲ. ಜಾತಿ, ಮನೆತನ, ಮರ್ಯಾದೆ ಇವೇ ಮಾತಾಡುತ್ತವೆ. ಅಲಮೇಲು ಯಾವ ಸ್ಥಿತಿಗೆ ಬಂದಳೆಂದು ಗೊತ್ತಾದ ದಿನ ರಾಮಾಚಾರಿ ಒಡೆದುಹೋಗುತ್ತಾನೆ. ಕೊನೆಗೆ ಬೆಟ್ಟದ ಮೇಲೆ ಮೇಷ್ಟ್ರೂ ಉಳಿಯುವುದಿಲ್ಲ, ಅವನೂ ಉಳಿಯುವುದಿಲ್ಲ. ಚಾಮಯ್ಯ ಮೇಷ್ಟ್ರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅದಕ್ಕೇ ಆ ಕಥೆ ಇಷ್ಟು ವರ್ಷ ಕಾಡುತ್ತದೆ.

ಕನ್ನಡದ ‘ಕೇಳು’ ಎಂಬ ಕ್ರಿಯಾಪದ ಈ ವಿಷಯದಲ್ಲಿ ಬಹಳ ಚುರುಕಾದದ್ದು. ದನಿ ಕಿವಿಗೆ ಬೀಳುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ, ಹೇಳಿದಂತೆ ನಡೆಯುವುದೂ ಕೇಳುವುದೇ. ‘ನಿಮ್ಮ ಹುಡುಗ ಮಾತು ಕೇಳಲ್ಲ’ ಎಂದು ಮೇಷ್ಟ್ರು ಪೋಷಕರ ಸಭೆಯಲ್ಲಿ ದೂರುವಾಗ ಹುಡುಗನ ಕಿವಿಯ ಬಗ್ಗೆ ಅವರಿಗೆ ಚಿಂತೆಯಿಲ್ಲ. ಶಾಲೆಯಲ್ಲಿ ಈ ಕ್ರಿಯಾಪದವನ್ನು ನಾವು ಎರಡು ಪಾಲು ಮಾಡಿಟ್ಟಿದ್ದೇವೆ: ಮೇಷ್ಟ್ರು ಪ್ರಶ್ನೆ ಕೇಳಬೇಕು, ಮಕ್ಕಳು ಮಾತು ಕೇಳಬೇಕು. ಮಗು ಮಾತಾಡುವಾಗ ಮೇಷ್ಟ್ರು ಸುಮ್ಮನೆ ಕಿವಿಗೊಡುವುದು ಈ ಪಾಲಿನಲ್ಲಿ ಎಲ್ಲೂ ಬರುವುದಿಲ್ಲ.

ಇದು ಇಂದು ನಿನ್ನೆಯ ಪಾಲೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಇದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ತಂದೆತಾಯಿಯರ ಶುಶ್ರೂಷೆ ಮಾಡಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು, ಇದು ಹಿಂದಿನಿಂದ ಬಂದ ನಡೆ ಎಂಬುದು ಅದರ ಸಾರ. ಶುಶ್ರೂಷೆ ಎಂಬ ಮಾತಿನ ಬೇರಿನಲ್ಲಿರುವುದು ಕೇಳಬೇಕೆಂಬ ಆಸೆ. ಕೇಳುವ ಆಸೆ ಎಂದಿದ್ದದ್ದು ಸೇವೆಯಾಯಿತು, ಕನ್ನಡಕ್ಕೆ ಬಂದು ಆಸ್ಪತ್ರೆಯ ಹಾಸಿಗೆಯ ಪಕ್ಕದ ಆರೈಕೆಯಾಯಿತು. ಒಬ್ಬರಿಗೆ ಕಿವಿಗೊಡುವುದೇ ಅವರನ್ನು ಆರೈಕೆ ಮಾಡಿದಂತೆ ಎಂಬ ತಿಳಿವಳಿಕೆ ಪದದೊಳಗೇ ಕೂತಿದೆ. ಆದರೆ ಬಂಡೆಯ ಮೇಲೆ ಆ ಕೆಲಸ ಬಿದ್ದಿರುವುದು ಚಿಕ್ಕವರ ಪಾಲಿಗೆ. ದೊಡ್ಡವರು ಚಿಕ್ಕವರಿಗೆ ಕಿವಿಗೊಡಬೇಕೆಂಬ ಸಾಲನ್ನು ಅಶೋಕ ಕೆತ್ತಿಸಲಿಲ್ಲ. ಅಂಥದ್ದೊಂದು ಸಾಲು ಜಗತ್ತಿನ ಕಾನೂನಿಗೆ ಬರಲು 1989 ಬೇಕಾಯಿತು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ಹೇಳುವುದನ್ನು ಕೇಳಬೇಕು, ಅದಕ್ಕೆ ತಕ್ಕ ತೂಕ ಕೊಡಬೇಕು ಎನ್ನುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿತು.

ಹಾಗೆಂದು ಕಿವಿಗೊಡುವ ಗುರು ನಮ್ಮ ಕಡೆ ಇರಲೇ ಇಲ್ಲ ಎಂದರೆ ತಪ್ಪು. ಚಳ್ಳಕೆರೆ ತಾಲ್ಲೂಕಿನ ತಳುಕಿನವರು ಪ್ರೊ. ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅದೇ ಮನೆತನದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಕಲಿಸಿದ ವೆಂಕಣ್ಣಯ್ಯನವರು ತಾವು ಬರೆದದ್ದಕ್ಕಿಂತ ಇತರರಿಂದ ಬರೆಸಿದ್ದು ಹೆಚ್ಚು ಎಂಬ ಮಾತು ಹಳಬರಲ್ಲಿ ಇತ್ತು. ಅವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಈ ಗುರುವಿಗೆ. ಪಾಠ ಚೆನ್ನಾಗಿ ಹೇಳಿದ ಗುರುಗಳು ಎಷ್ಟೋ ಜನರಿಗೆ ಇರುತ್ತಾರೆ. ತೀರಿಹೋಗಿ ಹತ್ತು ವರ್ಷವಾದ ಗುರುವಿನ ಮುಂದೆ ಶಿಷ್ಯನೊಬ್ಬ ತನ್ನ ಜೀವಮಾನದ ಕೃತಿಯನ್ನು ಇಡುತ್ತಾನೆ ಎಂದರೆ, ಆ ಗುರು ತನ್ನನ್ನು ಕೇಳುತ್ತಿದ್ದಾನೆ ಎಂಬ ಭಾವ ಅಷ್ಟು ಗಟ್ಟಿಯಾಗಿ ಉಳಿದಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ಇನ್ನು ಶಾಸ್ತ್ರದ ಮಾತು. ಬಿ.ಇಡಿ. ಮಾಡಿದ ಪ್ರತಿಯೊಬ್ಬ ಶಿಕ್ಷಕರೂ ಪರೀಕ್ಷೆಗಾಗಿಯಾದರೂ ಫ್ಲ್ಯಾಂಡರ್ಸ್ ಹೆಸರು ಬಾಯಿಪಾಠ ಮಾಡಿರುತ್ತಾರೆ. ಅಮೆರಿಕದ ನೆಡ್ ಫ್ಲ್ಯಾಂಡರ್ಸ್ ತರಗತಿಯಲ್ಲಿ ನಡೆಯುವ ಮಾತನ್ನು ಮೂರು ಮೂರು ಸೆಕೆಂಡಿಗೆ ಗುರುತು ಹಾಕಿ ಅಳೆಯುವ ಕ್ರಮ ಮಾಡಿದವನು. ಅವನಿಗೆ ಕಂಡದ್ದು ಇದು: ತರಗತಿಯ ಸಮಯದ ಮೂರರಲ್ಲಿ ಎರಡು ಪಾಲು ಯಾರಾದರೊಬ್ಬರು ಮಾತಾಡುತ್ತಿರುತ್ತಾರೆ, ಆ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಶಿಕ್ಷಕರದೇ, ಅದರಲ್ಲೂ ಮೂರರಲ್ಲಿ ಎರಡು ಪಾಲು ವಿವರಿಸುವುದು, ಅಪ್ಪಣೆ ಕೊಡುವುದು, ಗದರುವುದು. ಅವನ ಹತ್ತು ವಿಭಾಗಗಳಲ್ಲಿ ಏಳು ಶಿಕ್ಷಕರ ಮಾತಿಗೆ, ಎರಡೇ ಎರಡು ಮಕ್ಕಳ ಮಾತಿಗೆ. ಹತ್ತನೆಯದರಲ್ಲಿ ಮೌನ ಮತ್ತು ಗೊಂದಲ ಎರಡನ್ನೂ ಒಟ್ಟಿಗೆ ತುಂಬಿದ್ದಾನೆ. ಮೌನವನ್ನು ಗಲಾಟೆಯ ಜೊತೆ ಒಂದೇ ಚೀಲಕ್ಕೆ ಹಾಕಿದ್ದು ಸರಿಯೇ ಎಂದು ನನಗೆ ಇವತ್ತಿಗೂ ಅನುಮಾನ. ಮಗು ಯೋಚಿಸುತ್ತಿರುವುದು ಆ ಮೌನದಲ್ಲೇ ತಾನೆ?

ಆ ಅನುಮಾನಕ್ಕೆ ಉತ್ತರ ಕೊಟ್ಟವಳು ಮೇರಿ ಬಡ್ ರೋ. 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಕೂತ ಆಕೆಗೆ, ಶಿಕ್ಷಕರು ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ಕಂಡಿತು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಬೇರೆಯವರನ್ನು ಎಬ್ಬಿಸುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ದಡ್ಡರೆಂದು ಹೆಸರಾದವರೂ ಬಾಯಿ ಬಿಟ್ಟರು, ಮಕ್ಕಳು ತಾವಾಗಿ ಪ್ರಶ್ನೆ ಕೇಳತೊಡಗಿದರು. ಮಗು ಉತ್ತರ ಮುಗಿಸಿದ ಮೇಲೂ ಒಂದಿಷ್ಟು ಕಾಯಬೇಕು ಎಂಬುದು ಆಕೆಯ ಇನ್ನೊಂದು ಮಾತು. ಮುಗಿಯಿತು ಎಂದು ನಾವು ತಿಳಿದಲ್ಲಿ ಮಗುವಿಗೆ ಇನ್ನೂ ಏನೋ ಹೇಳುವುದಿರುತ್ತದೆ. ಇದಕ್ಕೆ ತರಬೇತಿ ಬೇಡ, ಅನುದಾನವೂ ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವಂತೆ ‘ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು’ ಎಂದು ಮನಸ್ಸಿನಲ್ಲೇ ನಿಧಾನವಾಗಿ ಹೇಳಿಕೊಂಡರೆ ಮೂರು ಸೆಕೆಂಡು ಆಗುತ್ತದೆ.

ಉತ್ತರಕ್ಕೆ ಕಾಯುವುದು ಸುಲಭದ ಭಾಗ. ಮಗು ಮನೆಯಿಂದ ಹೊತ್ತು ತರುವುದನ್ನು ಕೇಳಿಸಿಕೊಳ್ಳುವುದು ಕಷ್ಟದ ಭಾಗ. ನಮ್ಮ ಸೀಮೆಯ ಮಗು ಏನೇನು ಹೊತ್ತು ತರುತ್ತದೆ ಎಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ನನ್ನ ಜೊತೆ ಓದುತ್ತಿದ್ದವನೊಬ್ಬ ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದ. ಗಣಿತದ ಮೇಷ್ಟ್ರು ಡಸ್ಟರ್ ಎಸೆಯುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು, ಅವನೂ ನಗುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಹೊಸದಾಗಿ ಬಂದ ಇನ್ನೊಬ್ಬ ಮೇಷ್ಟ್ರು ಒಂದು ದಿನ ಎಲ್ಲರೂ ಆಟಕ್ಕೆ ಹೋದ ಮೇಲೆ ‘ರಾತ್ರಿ ಎಷ್ಟೊತ್ತಿಗೆ ಮಲಗ್ತೀಯಪ್ಪ?’ ಎಂದು ಕೇಳಿದರಂತೆ. ತ್ರೀ ಫೇಸ್ ಕರೆಂಟ್ ಬರುವುದು ನಡುರಾತ್ರಿ. ಅಪ್ಪನಿಗೆ ಕಣ್ಣು ಮಂಜು, ಹಾವಿನ ಭಯ. ಮೋಟರ್ ಹಾಕಿ ತೋಟಕ್ಕೆ ನೀರು ತಿರುಗಿಸುವವನು ಹದಿಮೂರು ವರ್ಷದ ಈ ಹುಡುಗ. ಮೇಷ್ಟ್ರು ಕರೆಂಟ್ ಸಮಯ ಬದಲಿಸಲಿಲ್ಲ, ಬದಲಿಸುವುದಕ್ಕೆ ಆಗುತ್ತಲೂ ಇರಲಿಲ್ಲ. ಮೊದಲ ಪೀರಿಯಡ್‌ನ ಗಣಿತವನ್ನು ಸಂಜೆ ಇಪ್ಪತ್ತು ನಿಮಿಷ ಹೇಳಿಕೊಟ್ಟರು. ಅವನು ಎಸ್ಸೆಸ್ಸೆಲ್ಸಿ ಪಾಸಾದ. ಎರಡು ವರ್ಷ ಪಕ್ಕದಲ್ಲೇ ಕೂತಿದ್ದ ನಾನೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಬೋರ್‌ವೆಲ್ ಬತ್ತಿದ ವರ್ಷ ಗುಳೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಅಪ್ಪ ಅಮ್ಮ ಹೊರಟು, ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಹಾಜರಿ ಪುಸ್ತಕದಲ್ಲಿ ಪೂರ್ತಿ ಹಾಜರಿ ಇರುತ್ತದೆ, ಹೋಂವರ್ಕ್ ಮಾತ್ರ ಇರುವುದಿಲ್ಲ. ಸೇವಂತಿಗೆ ಬೆಳೆಯುವ ಹಳ್ಳಿಯ ಹುಡುಗಿ ಬೆಳಕು ಹರಿಯುವ ಮೊದಲು ಹೂ ಬಿಡಿಸಿ ಬಂದಿರುತ್ತಾಳೆ. ಲಂಬಾಣಿ ತಾಂಡಾದ ಮಗು ಒಂದನೇ ತರಗತಿಗೆ ಬಂದಾಗ ಮೇಷ್ಟ್ರ ಕನ್ನಡ ಅದಕ್ಕೆ ಅರ್ಧ ಅನ್ಯಭಾಷೆ. ಆಂಧ್ರದ ಗಡಿಗೆ ತಾಗಿದ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಪೇಟೆಯ ಎಷ್ಟೋ ಓಣಿಗಳಲ್ಲಿ ಉರ್ದು. ಆ ಮಗು ಸುಮ್ಮನೆ ಕೂತಿದ್ದರೆ ‘ಮಂದ’ ಎಂದು ಬರೆದುಕೊಳ್ಳುವ ಶಿಕ್ಷಕರೂ ಉಂಟು, ತಾಂಡಾದ ನಾಲ್ಕು ಮಾತು ತಾವೇ ಕಲಿತು ‘ನೀರಿಗೆ ನಿಮ್ಮ ಮನೇಲಿ ಏನಂತಾರೆ?’ ಎಂದು ಕೇಳುವ ಶಿಕ್ಷಕರೂ ಉಂಟು. ಎರಡನೆಯವರ ತರಗತಿಯಲ್ಲಿ ಮಗು ಒಂದು ಗಳಿಗೆ ತಾನೇ ಗುರುವಾಗುತ್ತದೆ.

ಹೆಣ್ಣುಮಕ್ಕಳ ವಿಷಯ ಇನ್ನೂ ನಾಜೂಕು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯ ಹೊರಗೆ ಇರಬೇಕೆಂಬ ಕಟ್ಟಳೆ ಇನ್ನೂ ಪೂರ್ತಿ ಹೋಗಿಲ್ಲ. ತಿಂಗಳಿಗೆ ಮೂರು ನಾಲ್ಕು ದಿನ ಹುಡುಗಿ ಬರುವುದಿಲ್ಲ. ‘ಯಾಕಮ್ಮ ಬರಲಿಲ್ಲ?’ ಎಂದು ನಲವತ್ತು ಮಕ್ಕಳ ಎದುರು ಎದ್ದು ನಿಲ್ಲಿಸಿ ಕೇಳಿದರೆ ‘ಹುಷಾರಿರಲಿಲ್ಲ ಸಾರ್’ ಎಂಬ ಉತ್ತರವೇ ಬರುವುದು. ಪ್ರಶ್ನೆ ಒಳ್ಳೆಯದೇ, ಕೇಳಿದ ಜಾಗ ತಪ್ಪು. ಗೊತ್ತಿರುವ ಮೇಡಂ ಒಬ್ಬರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಬಿಟ್ಟುಹೋದ ಪಾಠದ ನೋಟ್ಸನ್ನು ಅವಳ ಗೆಳತಿಯ ಕೈಯಲ್ಲಿ ಹಟ್ಟಿಗೆ ಕಳಿಸುತ್ತಾರೆ. ಮಾತಿಲ್ಲದೆ ಕಿವಿಗೊಡುವ ಬಗೆಯೂ ಉಂಟು.

ಕಾನೂನು ಈ ವಿಷಯದಲ್ಲಿ ಹೇಳುವುದನ್ನು ಶಿಕ್ಷಕರು ಬಾಯಿಪಾಠ ಮಾಡಿಕೊಳ್ಳುವುದೇ ಮೇಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರೆದುರು ಹಂಗಿಸುವುದು ಎರಡನೆಯದಕ್ಕೆ ಸೇರುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಇದರಿಂದ ಒಂದು ತೊಡಕು ಹುಟ್ಟುತ್ತದೆ. ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಮಿಸ್’ ಎಂದು ಮಗು ಮೊದಲೇ ಕೈ ಚಾಚುತ್ತದೆ. ಆ ಕೈಗೆ ಕೈ ಕೊಡಬಾರದು. ‘ನಿನಗೆ ಒಳ್ಳೇದಾಗೋಕೆ ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ ಹೇಳ್ತೀನಿ, ನಿನಗೆ ತಿಳಿಸಿಯೇ ಹೇಳ್ತೀನಿ’ ಎನ್ನುವುದು ಸತ್ಯವಾದ ಮಾತು. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದಿಡಬೇಕು. ಹೆಡ್‌ಮಾಸ್ಟರ ಮುಂದೆ ಒಮ್ಮೆ, ಎಸ್‌ಡಿಎಂಸಿ ಅಧ್ಯಕ್ಷರ ಮುಂದೆ ಒಮ್ಮೆ, ಪೋಷಕರ ಮುಂದೆ ಒಮ್ಮೆ ಎಂದು ಹರಿಕಥೆಯಂತೆ ಹೇಳಿಸಬಾರದು. ತನಿಖೆ ಮಾಡುವುದು ಮೇಷ್ಟ್ರ ಕೆಲಸವಲ್ಲ. ಬಾಲ್ಯವಿವಾಹದ ಸುದ್ದಿ ಕಿವಿಗೆ ಬಿದ್ದಾಗಲೂ ಅಷ್ಟೆ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮುಂದಿನದನ್ನು ನೋಡಿಕೊಳ್ಳುವವರು ಇದ್ದಾರೆ. ಮನಸ್ಸಿನ ತೊಳಲಾಟ ಮೇಷ್ಟ್ರ ಕೈಮೀರಿದ್ದು ಎನಿಸಿದರೆ ಟೆಲಿ ಮಾನಸ್ ಸಂಖ್ಯೆ 14416 ಇದೆ.

ಸರ್ಕಾರಿ ಕಾರ್ಯಕ್ರಮಗಳಲ್ಲಿ ಕೇಳುವುದಕ್ಕೆ ಎಷ್ಟು ಜಾಗ ಇದೆ? ನನ್ನ ತೀರ್ಮಾನದಲ್ಲಿ ನಲಿಕಲಿ ಎಲ್ಲಕ್ಕಿಂತ ಮುಂದಿದೆ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಈ ಕ್ರಮದಲ್ಲಿ ಶಿಕ್ಷಕರು ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಾರೆ. ಮಗುವಿನ ಬಾಯಿಯೂ ಮೇಷ್ಟ್ರ ಕಿವಿಯೂ ಒಂದೇ ಎತ್ತರಕ್ಕೆ ಬರುತ್ತವೆ. ನಾಲ್ಕನೇ ತರಗತಿಗೆ ಬೆಂಚು ಬರುತ್ತದೆ, ಮೇಷ್ಟ್ರು ಎದ್ದು ನಿಲ್ಲುತ್ತಾರೆ, ಕಿವಿ ಮತ್ತೆ ಮೇಲಕ್ಕೆ ಹೋಗುತ್ತದೆ. ಮಕ್ಕಳ ಗ್ರಾಮಸಭೆ ಒಳ್ಳೆಯ ಕಲ್ಪನೆ. ಮೇಷ್ಟ್ರೇ ಬರೆದುಕೊಟ್ಟ ಚೀಟಿಯನ್ನು ಮಗು ಓದಿ ಹೇಳಿದರೆ ಅಲ್ಲಿ ಮಾತಾಡಿದವರು ಮೇಷ್ಟ್ರೇ. ದೂರು ಪೆಟ್ಟಿಗೆ ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲೇ ನೇತಾಡುತ್ತಿದ್ದರೆ ಅದಕ್ಕೆ ಚೀಟಿ ಹಾಕುವ ಧೈರ್ಯ ಯಾರಿಗಿದೆ? 2020ರಲ್ಲಿ ಕೊರೊನಾ ಕಾಲದ ವಿದ್ಯಾಗಮ ಕೆಲವೇ ತಿಂಗಳು ನಡೆದು ನಿಂತಿತು. ಆದರೆ ಗುಡಿಯ ಕಟ್ಟೆ, ಅರಳಿಮರದ ಬುಡದಲ್ಲಿ ಪಾಠ ಮಾಡಿದ ಶಿಕ್ಷಕರು ಮಗುವಿನ ಮನೆಯ ಬಾಗಿಲನ್ನು ಹತ್ತಿರದಿಂದ ಕಂಡದ್ದು ಆಗಲೇ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಅದೇ ಶಿಕ್ಷಕರನ್ನು ಮನೆ ಮನೆಗೆ ಕಳಿಸಿದರು. 60 ಪ್ರಶ್ನೆ, ಒಂದು ಮೊಬೈಲ್ ಆ್ಯಪ್, ಬಾರದ ನೆಟ್‌ವರ್ಕ್. ದಸರಾ ರಜೆಯನ್ನೇ ಅದಕ್ಕಾಗಿ ವಿಸ್ತರಿಸಬೇಕಾಯಿತು. ಪ್ರಶ್ನೆ ಕೇಳುವುದಕ್ಕೂ ಕಿವಿಗೊಡುವುದಕ್ಕೂ ಎಷ್ಟು ದೂರ ಎಂದು ತಿಳಿಯಲು ಆ ದಿನಗಳು ಸಾಕಿದ್ದವು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನೂ ಇಲ್ಲಿ ನೆನೆಯಬೇಕು. 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ನಾಟಕ ತಂಡ ಹೊರಟ ಊರು ಅದು. ಎದುರಿನ ಪಾತ್ರ ಹೇಳಿದ್ದನ್ನು ಕೇಳಿಸಿಕೊಳ್ಳದೆ ತನ್ನ ಮಾತನ್ನೇ ಬಾಯಿಪಾಠ ಒಪ್ಪಿಸುವವನು ನಟನಲ್ಲ ಎಂಬುದು ರಂಗಭೂಮಿಯ ಮೊದಲ ಪಾಠ. ಬಿ.ಇಡಿ. ಕಾಲೇಜಿನವರು ಅದನ್ನು ಎರವಲು ತಂದರೆ ನಷ್ಟವಿಲ್ಲ.

ಕಿವಿಗೆ ದೊಡ್ಡ ಅಡ್ಡಿ ಫಲಿತಾಂಶ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ಶೇಕಡಾ 96.80 ಪಡೆದು ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂತು. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶವೇ 83.89ರಿಂದ, ಕೃಪಾಂಕ ಕೊಟ್ಟ ಮೇಲೂ, 73.40ಕ್ಕೆ ಇಳಿಯಿತು, ಮೊದಲ ಸ್ಥಾನದ ನಮ್ಮ ಜಿಲ್ಲೆ ಪಟ್ಟಿಯಲ್ಲಿ ಬಹಳ ಕೆಳಗೆ ಹೋಯಿತು. ಹತ್ತನೇ ತರಗತಿಯ ಮೇಷ್ಟ್ರ ತಲೆಯ ಮೇಲೆ ಈ ಅಂಕಿ ಕತ್ತಿಯಂತೆ ತೂಗುತ್ತಿರುವಾಗ, ಮಗು ‘ಸಾರ್, ಒಂದ್ ಮಾತು’ ಎಂದರೆ ಅವರಿಗೆ ಮೊದಲು ಹೊಳೆಯುವುದು ಮುಗಿಯದ ಪಾಠ. ಆ ಮೇಷ್ಟ್ರನ್ನು ಬೈಯುವುದು ಸುಲಭ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ, ಮತದಾರರ ಪಟ್ಟಿ ಎಲ್ಲವನ್ನೂ ಹೊತ್ತವರ ಮಾತನ್ನು ಇಲಾಖೆ ಎಷ್ಟು ಕೇಳಿದೆ ಎಂದೂ ಕೇಳಬೇಕು. ಸಭೆಯಲ್ಲಿ ಶಿಕ್ಷಕರು ಬಾಯಿ ತೆರೆದರೆ ‘ಕಾರಣ ಹೇಳಬೇಡಿ’ ಎನ್ನುವ ಅಧಿಕಾರಿಗಳನ್ನು ನಾನೇ ಕಂಡಿದ್ದೇನೆ. ಅದೇ ಮಾತು ಮರುದಿನ ತರಗತಿಯಲ್ಲಿ ಮಗುವಿನ ಮೇಲೆ ಬೀಳುತ್ತದೆ.

ಸಲುಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಎಂಬುದು ಸ್ಟಾಫ್‌ರೂಮಿನ ಹಳೆಯ ಆಕ್ಷೇಪ. ಕೇಳಿಸಿಕೊಳ್ಳುವುದೆಂದರೆ ಒಪ್ಪಿಕೊಳ್ಳುವುದು ಎಂದು ತಿಳಿದಿರುವುದರಿಂದ ಬಂದ ಭಯ ಅದು. ಪೂರ್ತಿ ಕೇಳಿದ ಮೇಲೂ ‘ಇದು ತಪ್ಪು’ ಎನ್ನಬಹುದು. ಆಗ ಮಗುವಿಗೆ ಅದು ತೀರ್ಪಿನಂತೆ ಕೇಳುತ್ತದೆ, ಏಟಿನಂತೆ ಕೇಳುವುದಿಲ್ಲ. ಇನ್ನೊಂದು ಆಕ್ಷೇಪ ಸಮಯದ್ದು. ಜಪಾನಿನ ತೆತ್ಸುಕೊ ಕುರೊಯಾನಾಗಿ ಬರೆದ ‘ತೊತ್ತೊಚಾನ್’ ಕನ್ನಡದಲ್ಲೂ ಇದೆ, ನಮ್ಮ ಎಷ್ಟೋ ಶಿಕ್ಷಕರ ಮನೆಯಲ್ಲಿದೆ. ಹಿಂದಿನ ಶಾಲೆಯಿಂದ ಹೊರಹಾಕಿದ ಹುಡುಗಿಯನ್ನು ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನ ಎದುರು ಕೂರಿಸಿಕೊಂಡು ನಾಲ್ಕು ಗಂಟೆ ಅವಳ ಮಾತು ಕೇಳುತ್ತಾರೆ, ಒಮ್ಮೆಯೂ ಆಕಳಿಸುವುದಿಲ್ಲ. ಓದಿದವರೆಲ್ಲ ಮೆಚ್ಚುತ್ತಾರೆ, ಮೆಚ್ಚಿ ‘ನಮಗೆಲ್ಲಿ ಆಗುತ್ತೆ’ ಎಂದು ಪುಸ್ತಕ ಮುಚ್ಚುತ್ತಾರೆ. ಕೊಬಾಯಾಶಿಯ ಶಾಲೆಯಲ್ಲಿ ಐವತ್ತರಷ್ಟೇ ಮಕ್ಕಳು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ನಲವತ್ತು ಮಕ್ಕಳಿದ್ದರೆ ತಲೆಗೆ ಒಂದು ನಿಮಿಷ. ನಾಲ್ಕು ಗಂಟೆ ಆಗುವುದಿಲ್ಲ, ನಿಜ.

ಆದರೆ ಪ್ರತಿ ಶಾಲೆಯಲ್ಲೂ, ಪ್ರತಿ ದಿನವೂ, ಪ್ರತಿ ಮಗುವೂ ಮೇಷ್ಟ್ರಿಗೆ ಹೇಳುವ ಒಂದು ಮಾತಿದೆ: ‘ಎಸ್ ಸಾರ್’. ಅದನ್ನು ನಾವು ರಿಜಿಸ್ಟರ್ ಮೇಲೆ ಕಣ್ಣಿಟ್ಟೇ ಕೇಳುತ್ತೇವೆ. ದಿನಾ ಕೂಗುತ್ತಿದ್ದವನು ಇವತ್ತು ಗೊಣಗಿದ, ದಿನಾ ನಗುತ್ತಾ ಹೇಳುತ್ತಿದ್ದವಳ ದನಿ ಮೂರು ದಿನದಿಂದ ಹಿಂದಿನ ಬೆಂಚಿನಿಂದ ಬರುತ್ತಿದೆ ಎಂಬುದು ತಲೆ ಎತ್ತಿದರೆ ಮಾತ್ರ ಗೊತ್ತಾಗುತ್ತದೆ. ಈ ಲೇಖನ ಓದಿದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ವಿನಂತಿ. ನಾಳೆ ಬೆಳಿಗ್ಗೆ ಹಾಜರಿ ಕರೆಯುವಾಗ ಒಂದೊಂದು ಹೆಸರಿಗೂ ತಲೆ ಎತ್ತಿ, ಉತ್ತರ ಬಂದ ಕಡೆ ನೋಡಿ, ಆಮೇಲೆ ಗುರುತು ಹಾಕಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ.